ಪಾರ್ಸಲ್ ಜಲ್ದಿ ಮುಟ್ಟಿಸೋದು ಹೆಂಗ?

ಹೊಸಪೇಟೆಯಲ್ಲಿ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಪಾರ್ಸಲ್ ಹಂಚೋದು ನನ್ನ ಕೆಲಸ. ಜಲ್ದಿ ಮುಟ್ಟಿಸಲಿ ಅಂತ ಆಫೀಸಿನವರು ಆಗಾಗ ಹೊಸ ಉಪಾಯ ಕಳಿಸ್ತಾರೆ. ಉಪಾಯ ಬಂತು ಅಂದರೆ ನನ್ನ ತಲೆ ಕೆಡ್ತು ಅಂತಲೇ ಲೆಕ್ಕ.

ಗುರುತು

‘ವಿಳಾಸ ಹುಡುಕುತ್ತಾ ತಿರುಗಬೇಡಿ, ಮೊದಲೇ ಫೋನ್ ಮಾಡಿ ಗುರುತು ಕೇಳಿ’ ಅಂದರು. ಕಂಪ್ಲಿ ಕಡೆ ಮೆಟ್ರಿಯ ಒಬ್ಬ ಅಕ್ಕನಿಗೆ ಫೋನ್ ಮಾಡಿದೆ.

“ಭಾಳ ಸುಲಭ ಐತ್ರಿ ಅಣ್ಣಾ, ಬಾಗಿಲ ಮುಂದ ಎಮ್ಮಿ ಕಟ್ಟೀವಿ ನೋಡ್ರಿ.”

ಓಣಿ ಓಣಿ ಅಲೆದೆ. ಬಿಸಿಲಿಗೆ ನೆತ್ತಿ ಕಾದು ಹೋಯಿತು. ಮತ್ತೆ ಫೋನ್ ಮಾಡಿ, “ಎಲ್ಲೂ ಎಮ್ಮಿ ಇಲ್ಲಲ್ಲಕ್ಕಾ” ಅಂದೆ.

“ಈಗೆಲ್ಲಿ ಇರತೈತ್ರಿ? ಮೇಯಾಕ ಹೋಗೈತಿ. ಸಂಜಿಮುಂದ ಬರ್ರಿ, ಮನಿ ಜಲ್ದಿ ಸಿಗತೈತಿ.”

ಹತ್ತಿರದ ದಾರಿ

ಆಮೇಲೆ ಮೊಬೈಲಿಗೆ ಮ್ಯಾಪ್ ಬಂತು. ಅದು ತೋರಿಸಿದ ದಾರಿ ಬಿಟ್ಟು ಆಚೀಚೆ ಹೋಗುವಂತಿಲ್ಲ, ಹೋದರೆ ಆಫೀಸಿನಲ್ಲಿ ಕೂತವರಿಗೆ ಕಾಣುತ್ತೆ. ಹಂಪಿಯಿಂದ ಆನೆಗೊಂದಿಗೆ ನಾನು ಯಾವಾಗಲೂ ಬುಕ್ಕಸಾಗರದ ಸೇತುವೆ ಮೇಲೆ ಬಳಸಿಕೊಂಡು ಹೋಗೋನು. ಅವತ್ತು ಬೈಕ್ ಆ ಕಡೆ ತಿರುಗಿಸಿದ್ದೇ ತಡ, ಸೂಪರ್‌ವೈಸರ್ ಫೋನು.

“ಯಾಕ್ರೀ ಸುತ್ತು ಹಾಕ್ತೀರಿ? ನೇರ ಹೋಗ್ರಿ.”

“ಸರ್, ನೇರಕ್ಕ ಹೊಳಿ ಐತ್ರಿ.”

“ಮ್ಯಾಪ್‌ನಾಗ ಕೆಂಪಗ ತೋರಸ್ತೈತೇನು?”

“ಇಲ್ರಿ, ನೀಲಿ.”

“ಮತ್ತೇನ್ರಿ? ಟ್ರಾಫಿಕ್ ಇಲ್ಲ, ಹೋಗ್ರಿ!”

ಫೋಟೊ

ಇದಂತೂ ನನ್ನ ನೌಕರಿಗೇ ಕುತ್ತು ತಂದಿತ್ತು. ಸಹಿ ಹಾಕಿಸೋದಕ್ಕೆ ಹೊತ್ತು ಹೋಗುತ್ತೆ, ಪಾರ್ಸಲ್ ತಗೊಂಡವರ ಫೋಟೊ ತೆಗೆದು ಕಳಿಸಿದರೆ ಸಾಕು ಅಂದರು. ಹಂಪಿಯಲ್ಲಿ ಒಬ್ಬ ಹೋಟೆಲ್ ಯಜಮಾನರ ಮನೆ ಬಾಗಿಲಲ್ಲಿ ನಿಂತು ಕೂಗ್ತಾ ಇದ್ದೆ. ಹಿಂದಿನಿಂದ ಬಂದ ಮಂಗ ಪಾರ್ಸಲ್ ಕಸಕೊಂಡು ಮಾಳಿಗೆ ಏರಿತು. ನಾನು ಕಲ್ಲು ತೋರಿಸಿದೆ, ಅದು ಹಲ್ಲು ತೋರಿಸಿತು. ನಾಳೆ ಕಳ್ಳತನ ನನ್ನ ತಲೆಗೆ ಕಟ್ಟಬಾರದಲ್ಲ! ಪಾರ್ಸಲ್ ಅಪ್ಪಿಕೊಂಡು ಕೂತ ಅದರ ಫೋಟೊ ತೆಗೆದು ಕಳಿಸಿದೆ.

ತಕ್ಷಣ ಉತ್ತರ ಬಂತು: ‘ಮುಖ ಸ್ಪಷ್ಟವಾಗಿದೆ. ಡೆಲಿವರಿ ಪೂರ್ಣ.’

ಅಷ್ಟರಲ್ಲಿ ಹೊರಗೆ ಬಂದ ಯಜಮಾನರು ಮಾಳಿಗೆ ಮೇಲಿದ್ದವನನ್ನೂ ನನ್ನನ್ನೂ ನೋಡಿ, ನನ್ನೆದುರೇ ಸ್ಪೀಕರ್ ಹಾಕಿ ಆಫೀಸಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಒಬ್ಬ ಮೇಡಂ ಮೆತ್ತಗೆ ಹೇಳಿದರು, “ಪಾರ್ಸಲ್ ನಿಮ್ಮ ಮನೆಯವರೇ ತಗೊಂಡಿದ್ದಾರೆ ಸರ್. ಫೋಟೊ ನನ್ನ ಮುಂದೇನೇ ಇದೆ.”

ಯಜಮಾನರು ಕಿರುಚಿದರು, “ಅದು ಮಂಗ್ಯಾ ಐತವ್ವಾ, ಮಂಗ್ಯಾ!”

“ಏನೇ ಸಿಟ್ಟಿರಲಿ ಸರ್, ಮನೆಯವರನ್ನ ಹಾಗೆಲ್ಲ ಬೈಬಾರದು.”