ಕರ್ಕಾಟಕ ಮಾಸದ ಅವಧಿ ವಿಸ್ತರಣೆ ಕುರಿತು

ಮಲಯಾಳಿ ಪಂಚಾಂಗದ ಕರ್ಕಾಟಕ ಮಾಸದಲ್ಲಿ ಏಳು ದಿನ ಔಷಧಿಗಂಜಿ ಕುಡಿಯುವವರು ಆ ಏಳು ದಿನ ಪಥ್ಯವನ್ನೂ, ಮುಂದಿನ ಏಳು ದಿನ ನಲ್ಲಿರಿಕ್ಕ ಎಂಬ ಮರುಪಥ್ಯವನ್ನೂ ಪಾಲಿಸತಕ್ಕದ್ದು. ಈ ಹದಿನಾಲ್ಕು ದಿನ ಸಿಟ್ಟಾಗಬಾರದು, ಚಿಂತಿಸಬಾರದು, ಗಟ್ಟಿಯಾಗಿ ಮಾತಾಡಬಾರದು, ಹಗಲು ಮಲಗಬಾರದು. ಇದು ಆಯುರ್ವೇದ. ಇದರಲ್ಲಿ ಗ್ರಾಮ ಪಂಚಾಯಿತಿಯ ತಪ್ಪೇನೂ ಇಲ್ಲ.

ನಮ್ಮ ಮುಕ್ಕುಟ್ಟಿಕ್ಕರೆ ಪಂಚಾಯಿತಿ ಕಚೇರಿಯ ಎದುರು ದಾಕ್ಷಾಯಣಿಯಮ್ಮ ಎಂಬುವರು ಮೂವತ್ತು ವರ್ಷಗಳಿಂದ, ಮಳೆಯ ಆ ಒಂದು ತಿಂಗಳು, ಟಾರ್ಪಾಲಿನಡಿ ಒಲೆ ಹೂಡಿ ಈ ಗಂಜಿ ಮಾರುತ್ತಿದ್ದರು. ನವರ ಎಂಬ ಔಷಧಿ ಗುಣದ ಅಕ್ಕಿ ಬೇಯಿಸಿ, ಜೀರಿಗೆ, ಮೆಂತ್ಯ, ಓಮ, ಒಣಶುಂಠಿ, ಹಿಪ್ಪಲಿ ಹುರಿದು ಕುಟ್ಟಿದ ಪುಡಿ ಕದಡಿ, ಕೊನೆಗೆ ತೆಂಗಿನಹಾಲು ಹೊಯ್ಯುತ್ತಿದ್ದರು. ಯಾವುದು ಎಷ್ಟು ಎಂಬುದು ಅವರ ಕೈಗೆ ಮಾತ್ರ ಗೊತ್ತು. ಆ ಒಂದು ತಿಂಗಳ ವ್ಯಾಪಾರದಿಂದ ಅವರ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುತ್ತಿತ್ತು. ಸದರಿ ಕಚೇರಿಯ ಗುಮಾಸ್ತನಾದ ನಾನೂ ದಿನಾ ಒಂದು ಬಟ್ಟಲು ಕುಡಿಯುತ್ತಿದ್ದೆ.

ಈ ವರ್ಷ ಹೊಸ ನಿಯಮ ಬಂತು: ಔಷಧಿಪುಡಿ ಹಾಕಿ ಅಡುಗೆ ಮಾಡಿ ಮಾರುವವರು ಪರವಾನಗಿ ಪಡೆಯತಕ್ಕದ್ದು. ಸದರಿ ಪರವಾನಗಿ ಕರ್ಕಾಟಕ ಮಾಸದಲ್ಲಿ ಮಾತ್ರ ನೀಡತಕ್ಕದ್ದು. ನೀಡುವ ಮುನ್ನ ಮಾದರಿಯನ್ನು ಪರೀಕ್ಷಿಸತಕ್ಕದ್ದು.

ದಾಕ್ಷಾಯಣಿಯಮ್ಮ ಒಂದನೇ ತಾರೀಕೇ ಅರ್ಜಿಯ ಜೊತೆ ಒಂದು ಬಟ್ಟಲು ಗಂಜಿ ತಂದರು. ಆರೋಗ್ಯ ನಿರೀಕ್ಷಕ ಸುಗತನ್ ಒಂದು ಚಮಚ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಹೇಗಿದೆ ಸಾರ್?"

"ರುಚಿ ಬೇರೆ, ಗುಣ ಬೇರೆ ಚೇಚಿ. ಗುಣ ಗೊತ್ತಾಗ್ಬೇಕಾದ್ರೆ ಏಳು ದಿನ ಕುಡೀಬೇಕು ಅಂತ ನೀವೇ ಹೇಳ್ತೀರಲ್ಲ. ಒಂದು ಚಮಚಕ್ಕೆ ಹೇಗೆ ಬರ್ಕೊಡ್ಲಿ?"

"ಹಾಗಾದ್ರೆ ಏಳು ದಿನ ಕುಡೀರಿ."

"ನಾನೊಬ್ನೇ ಕುಡಿದ್ರೆ ಪಕ್ಷಪಾತ ಅಂತಾರೆ. ಎಲ್ರೂ ಕುಡೀಬೇಕಾಗುತ್ತೆ."

ಹೀಗೆ ಹದಿನಾರು ಮಂದಿ ನೌಕರರು ಎರಡನೇ ತಾರೀಕಿನಿಂದ ಪರೀಕ್ಷೆಗೆ ಕುಳಿತರು. ಮಾರುವುದಕ್ಕೆ ಪರವಾನಗಿ ಬೇಕು, ಪುಕ್ಕಟೆ ಕೊಡುವುದಕ್ಕೆ ಬೇಡ. ಆದ್ದರಿಂದ ಇದರಲ್ಲಿ ಕಾನೂನಿನ ತೊಡಕೇನೂ ಇರಲಿಲ್ಲ. ಕಚೇರಿಯ ಬಾಗಿಲಿಗೆ ನಾನೇ ಪ್ರಕಟಣೆ ಅಂಟಿಸಿದೆ:

"ನೌಕರರು ಪಥ್ಯದಲ್ಲಿರುವುದರಿಂದ ಸಾರ್ವಜನಿಕರು ದೂರು, ಕಣ್ಣೀರು, ವಾಗ್ವಾದ ಹಾಗೂ ಸಣ್ಣ ಅಕ್ಷರದ ದಾಖಲೆಗಳನ್ನು ಕಚೇರಿಯೊಳಗೆ ತರತಕ್ಕದ್ದಲ್ಲ."

ತಂದೆಯ ಮರಣಪತ್ರ ಕೇಳಿಕೊಂಡು ಬಂದ ಒಬ್ಬರಿಗೆ, ಖೇದಕರ ವಿಷಯಗಳನ್ನು ಹದಿನೈದು ದಿನ ತಡೆಹಿಡಿಯಲಾಗಿದೆ ಎಂದು ತಿಳಿಸಿದೆವು. "ಪರವಾಗಿಲ್ಲ, ಅಪ್ಪನಿಗೂ ಅವಸರ ಇಲ್ಲ" ಎಂದು ಅವರು ಹೊರಟುಹೋದರು. ಹಗಲುನಿದ್ದೆಯ ನಿಷೇಧ ಮಾತ್ರ ನೌಕರರಲ್ಲಿ ಆತಂಕ ಉಂಟುಮಾಡಿತ್ತು. ಕಡತದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುವುದು ನಿದ್ದೆಯಲ್ಲ, ಪರಿಶೀಲನೆ, ಎಂದು ಕಾರ್ಯದರ್ಶಿ ವೇಲಪ್ಪ ಕುರುಪ್ಪರು ಸ್ಪಷ್ಟೀಕರಣ ನೀಡಿದ ಮೇಲೆ ಎಲ್ಲರೂ ನಿಶ್ಚಿಂತರಾದರು.

ಒಂಬತ್ತನೇ ತಾರೀಕು ದಾಕ್ಷಾಯಣಿಯಮ್ಮ ಸಹಿ ಕೇಳಲು ಬಂದರು.

"ಅಮ್ಮಾ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು," ಎಂದರು ಕುರುಪ್ಪರು, ಪಥ್ಯಕ್ಕೆ ತಕ್ಕ ಮೆಲುದನಿಯಲ್ಲಿ. "ಇಪ್ಪತ್ತು ವರ್ಷದ ಹೊಟ್ಟೆಯುಬ್ಬರ, ಎಲ್ಲಿ ಹೋಯ್ತೋ ಗೊತ್ತಿಲ್ಲ."

"ಬಳೆ ಬೇಡ ಸಾರ್, ಸಹಿ ಹಾಕಿ ಸಾಕು."

"ಈಗ ನಲ್ಲಿರಿಕ್ಕ ಅಲ್ವಾ? ಸಹಿ ಅಂದ್ರೆ ಹೊಣೆ. ಹೊಣೆ ಅಂದ್ರೆ ಚಿಂತೆ. ಚಿಂತೆ ಮಾಡಬಾರದು ಅಂತ ನೀವೇ ಹೇಳಿದ್ದು."

ದಾಕ್ಷಾಯಣಿಯಮ್ಮ ಕೊಡೆ ಬಿಚ್ಚಿಕೊಂಡು ಹೋದರು. ಹೊರಗೆ ಮಳೆ ಹೊಯ್ಯುತ್ತಿತ್ತು, ಗಿರಾಕಿಗಳು ತಣ್ಣಗಿನ ಒಲೆ ನೋಡಿ ವಾಪಸಾಗುತ್ತಿದ್ದರು. ನನಗೆ ನಿಜಕ್ಕೂ ಬೇಸರವಾಯಿತು. ಆದರೆ ನಾನೂ ಪಥ್ಯದಲ್ಲಿದ್ದೆನಾದ್ದರಿಂದ ಬೇಸರವನ್ನು ಮುಂದೂಡಿದೆ.

ಹದಿನಾರನೇ ತಾರೀಕು ಕಡತ ತೆರೆದಾಗ ಒಂದು ಗಂಭೀರ ಲೋಪ ಬೆಳಕಿಗೆ ಬಂತು. ಸುಗತನ್ ಅವರು ನಲ್ಲಿರಿಕ್ಕದ ಐದನೇ ದಿನ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಮೊಟ್ಟೆ ಪಫ್ಸ್ ತಿಂದಿದ್ದರು. ಅವರ ಮೀಸೆಯಲ್ಲಿ ಚೂರು ಕಂಡವರು ಮೂವರಿದ್ದರು. ಒಬ್ಬರ ಪಥ್ಯ ಮುರಿದರೆ ಫಲಿತಾಂಶದಲ್ಲಿ ಏಕರೂಪತೆ ಇರುವುದಿಲ್ಲ. ಆದ್ದರಿಂದ ಹದಿನಾರೂ ಮಂದಿ ಮರುದಿನದಿಂದ ಮತ್ತೆ ಮೊದಲಿನಿಂದ ಗಂಜಿ ಕುಡಿಯತಕ್ಕದ್ದೆಂದು ಆದೇಶವಾಯಿತು. ಆದೇಶವನ್ನು ಯಾರೂ ವಿರೋಧಿಸಲಿಲ್ಲ. ಕೆಲವರು ಮನೆಯಿಂದ ದೊಡ್ಡ ಬಟ್ಟಲು ತಂದರು.

ಎರಡನೇ ಮರುಪಥ್ಯ ಮುಗಿದದ್ದು ಮೂವತ್ತನೇ ತಾರೀಕು, ಶನಿವಾರ ಸಂಜೆ. ಮೂವತ್ತೊಂದು ಭಾನುವಾರ. ಸೋಮವಾರ ಬೆಳಿಗ್ಗೆ ಕುರುಪ್ಪರು ಲೇಖನಿ ತೆರೆದು, ಗೋಡೆಯ ಕ್ಯಾಲೆಂಡರ್ ನೋಡಿ, ಲೇಖನಿ ಮುಚ್ಚಿದರು.

"ಅಯ್ಯೋ, ಇವತ್ತು ಚಿಂಗ ಮಾಸ ಒಂದು. ಕರ್ಕಾಟಕ ಮುಗೀತಲ್ಲಮ್ಮಾ. ಮುಂದಿನ ವರ್ಷ ಬನ್ನಿ."

ದಾಕ್ಷಾಯಣಿಯಮ್ಮ ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲೆ ಕುಟ್ಟಿದರು. ಹದಿನಾಲ್ಕು ಮಂದಿ ಪರಿಶೀಲನೆಯಿಂದ ಎಚ್ಚರಗೊಂಡರು.

"ಒಂದು ತಿಂಗಳು! ವರ್ಷಕ್ಕೆ ನನಗಿರೋದೇ ಒಂದು ತಿಂಗಳು. ಅದನ್ನ ಬಟ್ಟಲು ಬಟ್ಟಲಾಗಿ ಕುಡಿದ್ಬಿಟ್ರಲ್ಲೋ! ಇನ್ನು ವರ್ಷಪೂರ್ತಿ ನಾನೇನು ತಿನ್ಲಿ, ನಿಮ್ಮ ರಬ್ಬರ್ ಸ್ಟ್ಯಾಂಪಾ? ನನ್ನ ತಿಂಗಳು ನನಗೆ ವಾಪಸ್ ಕೊಡಿ!"

ಒಳಕೋಣೆಯಿಂದ ಅಧ್ಯಕ್ಷೆ ಪ್ರಸನ್ನಕುಮಾರಿ ಹೊರಬಂದರು. ಅವರ ಮಂಡಿನೋವು ಈ ಗಂಜಿಯಿಂದಲೇ ವಾಸಿಯಾಗಿತ್ತು. ಅವರು ನನ್ನತ್ತ ತಿರುಗಿ, "ಬರ್ಕೊಳ್ಳಿ. ತಿಂಗಳು ವಾಪಸ್ ಕೋರಿ ಮನವಿ," ಎಂದರು.

ಅಂದು ಮಧ್ಯಾಹ್ನವೇ ವಿಶೇಷ ಸಭೆ ಸೇರಿತು. ಕರ್ಕಾಟಕಕ್ಕೆ ಕೆಲವು ವರ್ಷ ಮೂವತ್ತೆರಡು ದಿನ ಬರುವುದುಂಟು ಎಂದು ಅಧ್ಯಕ್ಷೆ ಪಂಚಾಂಗ ತೋರಿಸಿದರು. ಮೂವತ್ತೆರಡು ಬರಬಹುದಾದರೆ ಮೂವತ್ತಮೂರು ಬರಬಾರದೆಂದು ಯಾವ ಕಾಯ್ದೆಯಲ್ಲಿದೆ ಎಂದು ಕೇಳಿದರು. ಯಾವ ಕಾಯ್ದೆಯಲ್ಲೂ ಇರಲಿಲ್ಲ. ವಿರೋಧ ಪಕ್ಷದವರು, ಈ ಸಲಹೆ ಮೊದಲು ತಮ್ಮದಾಗಿತ್ತು ಎಂಬ ಆಕ್ಷೇಪವನ್ನು ದಾಖಲಿಸಿ, ಕೈಯೆತ್ತಿದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು:

"ಪಂಚಾಯಿತಿ ವ್ಯಾಪ್ತಿಯಲ್ಲಿ ಕರ್ಕಾಟಕ ಮಾಸವು, ಶ್ರೀಮತಿ ದಾಕ್ಷಾಯಣಿಯಮ್ಮನವರು ತಮ್ಮ ತಿಂಗಳು ಮುಗಿಯಿತೆಂದು ಲಿಖಿತವಾಗಿ ತಿಳಿಸುವವರೆಗೆ ಮುಂದುವರಿಯತಕ್ಕದ್ದು. ಚಿಂಗ ಮಾಸದ ಓಣಂ ನಿಮಿತ್ತ ಭೇಟಿ ನೀಡಲಿರುವ ಮಾವೇಲಿ ಮಹಾರಾಜರು (ಬಲಿ ಚಕ್ರವರ್ತಿಗಳು) ದಯವಿಟ್ಟು ಮುಂದಿನ ಸೂಚನೆಯವರೆಗೆ ಕಾಯುವುದು. ನೌಕರರ ಸಂಬಳ ಎಂದಿನಂತೆ ಇಂಗ್ಲಿಷ್ ತಿಂಗಳಿನ ಪ್ರಕಾರವೇ."

ಕರ್ಕಾಟಕ ಮೂವತ್ತೆರಡರಂದು ಪರವಾನಗಿಗೆ ಸಹಿ ಬಿತ್ತು. ಮೂವತ್ತಮೂರರಂದು ಒಲೆ ಉರಿಯಿತು. ಹದಿನಾರು ಮಂದಿ ಎಂದಿನಂತೆ ಬಟ್ಟಲು ಹಿಡಿದು ನಿಂತೆವು.

"ದುಡ್ಡು?" ಎಂದರು ದಾಕ್ಷಾಯಣಿಯಮ್ಮ.

"ಪರೀಕ್ಷೆ..." ಎಂದರು ಸುಗತನ್.

"ನೀವೆಲ್ಲ ಪಾಸಾಗಿದ್ದೀರಿ ಮೋನೇ. ದುಡ್ಡು ತೆಗಿ."

ತೆಗೆದೆವು. ಪಕ್ಕದ ಪಂಚಾಯಿತಿಗಳಲ್ಲಿ ಓಣಂ ಬಂತು. ಅಲ್ಲಿಯವರು ಹತ್ತು ದಿನ ಬಾಳೆಯೆಲೆ ತುಂಬ ಉಂಡು, ಹೊಟ್ಟೆ ಹಿಡಿದುಕೊಂಡು, ಇನ್ನೂ ಕರ್ಕಾಟಕ ಇರುವ ಏಕೈಕ ಊರೆಂದು ನಮ್ಮಲ್ಲಿಗೆ ಬಸ್ಸು ಹತ್ತಿ ಬಂದರು. ಸಾಲು ಸೇತುವೆ ದಾಟಿತು. ದಾಕ್ಷಾಯಣಿಯಮ್ಮ ಎರಡನೇ ಒಲೆ ಹೂಡಿದರು, ಮೂರನೆಯದನ್ನೂ ಹೂಡಿದರು.

ತೊಂದರೆಯಾದದ್ದು ನಮ್ಮೂರಿನ ಅಚ್ಯುತ ಪಣಿಕ್ಕರಿಗೆ. ಅವರ ಮಗಳ ಮದುವೆ ಚಿಂಗ ಮಾಸಕ್ಕೆ ಗೊತ್ತಾಗಿತ್ತು, ಕರ್ಕಾಟಕದಲ್ಲಿ ಮದುವೆ ಮಾಡುವಂತಿಲ್ಲ. ಐವತ್ತೆಂಟನೇ ತಾರೀಕು ಅವರು ಒಲೆಯ ಮುಂದೆ ಕೈಮುಗಿದು ನಿಂತರು.

"ಚೇಚಿ, ನಿಮ್ಮ ತಿಂಗಳು ಮುಗೀತು ಅಂತ ಒಂದು ಚೀಟಿ ಬರ್ಕೊಟ್ಬಿಡಿ. ಗಂಡಿನ ಕಡೆಯವರು ದಿನಾ ಫೋನ್ ಮಾಡ್ತಿದ್ದಾರೆ."

ದಾಕ್ಷಾಯಣಿಯಮ್ಮ ಕುರ್ಚಿಯಲ್ಲಿ ಒರಗಿ ಕುಳಿತಿದ್ದರು. ಕೈಯಲ್ಲಿ ಬಟ್ಟಲಿತ್ತು. ಮೂವತ್ತು ವರ್ಷ ಊರಿಗೆಲ್ಲ ಬಡಿಸಿದವರು ತಮ್ಮ ಗಂಜಿಯನ್ನು ಕೂತು ಕುಡಿಯುತ್ತಿದ್ದದ್ದು ಇದೇ ಮೊದಲು.

"ಬರೀಬೇಕು ಅಂದ್ರೆ ಯೋಚನೆ ಮಾಡ್ಬೇಕಲ್ಲ ಪಣಿಕ್ಕರೇ," ಎಂದರು ಮೆಲ್ಲಗೆ. "ನಾನೀಗ ಪಥ್ಯದಲ್ಲಿದ್ದೀನಿ."

ಪಣಿಕ್ಕರು ಕಚೇರಿಯತ್ತ ನೋಡಿದರು. ಕಿಟಕಿಯಲ್ಲಿದ್ದ ಕುರುಪ್ಪರು, ನಿಯಮ ಸರಿಯಾಗಿದೆ ಎಂಬಂತೆ ತಲೆಯಾಡಿಸಿದರು. ಪಣಿಕ್ಕರು ತಮಗೂ ಒಂದು ಬಟ್ಟಲು ಕೊಂಡರು.

ಮದುವೆಯ ಕರೆಯೋಲೆ ನಿನ್ನೆ ಎಲ್ಲರ ಕೈ ಸೇರಿದೆ. ಮುಹೂರ್ತ, ಕರ್ಕಾಟಕ ಮುಗಿದ ಮರುದಿನ ಬೆಳಿಗ್ಗೆ ಹತ್ತೂವರೆಗೆ. ಕಚೇರಿಯ ಹದಿನಾರೂ ಮಂದಿ ಅಂದಿಗೆ ರಜೆ ಹಾಕಿದ್ದೇವೆ.