ಕಿಲುಬು, ಕರಕರ ಮತ್ತು ನಮ್ಮ ಮಾವನವರು

ನಮ್ಮ ಮಾವನವರಿಗೆ ಈ ಲೋಕದಲ್ಲಿ ಇರುವುದು ಎರಡೇ ಶತ್ರುಗಳು. ಒಂದು ಕಿಲುಬು, ಇನ್ನೊಂದು ಕರಕರ. ಸೊಸೆಯಾದ ನಾನು ಮೂರನೆಯವಳೇನೋ ಎಂಬ ಅನುಮಾನ ಮದುವೆಯಾದ ಹೊಸದರಲ್ಲಿ ನನಗಿತ್ತು. ಇಷ್ಟು ವರ್ಷಗಳಲ್ಲಿ ಅವರು ನನ್ನ ಮೇಲೆ ಒಮ್ಮೆಯೂ ನಿಂಬೆಹಣ್ಣು ಹಿಂಡಿಲ್ಲವಾದ್ದರಿಂದ, ಅಲ್ಲವೆಂದು ತೀರ್ಮಾನಿಸಿದ್ದೇನೆ.

ದೋಣಿಮಲೈ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಉಳಿದವರು ವಾಕಿಂಗ್ ಹೋಗುತ್ತಾರೆ, ಪುರಾಣ ಕೇಳುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ನಮ್ಮ ಮಾವನವರು ಹೊಸಪೇಟೆಯ ಹಳೇ ರೇಡಿಯೋಗಳನ್ನೆಲ್ಲ ದತ್ತು ತೆಗೆದುಕೊಂಡರು! ರೇಡಿಯೋದೊಳಗೆ ಸೆಲ್ಲು ಹಾಕಿ ಮರೆತುಬಿಟ್ಟರೆ ಅದು ಸೋರಿ, ಸ್ಪ್ರಿಂಗಿನ ಮೇಲೆಲ್ಲ ಹಸಿರು ಕಿಲುಬು ಕಟ್ಟುತ್ತದೆ. ದನಿ ಏರಿಸುವ ಗುಂಡಿಯೊಳಗೆ ಧೂಳು ಹೊಕ್ಕರೆ, ತಿರುಗಿಸಿದಾಗಲೆಲ್ಲ ಹಪ್ಪಳ ಮುರಿದಂಥ ಸದ್ದು. ಉಳಿದ ಜನಕ್ಕೆ ಇದು ರೇಡಿಯೋ ಹಳೆಯದಾದ ಲಕ್ಷಣ. ಮಾವನವರಿಗೆ ಮಾತ್ರ ಯಾರೋ ಎದುರಿಗೆ ನಿಂತು ಬೈದ ಹಾಗೆ.

ಅವರ ಔಷಧಿಗಳೆಲ್ಲ ನನ್ನ ಮನೆಯವೇ. ಕಿಲುಬು ಕರಗಿಸಲು ನಿಂಬೆರಸ, ಉಜ್ಜಲು ಹಲ್ಲಿನ ಬ್ರಷ್, ಸೆಲ್ಲು ತಾಗುವ ತಗಡಿನ ಪಟ್ಟಿಯನ್ನು ಬೆಳ್ಳಗೆ ಮಾಡಲು ನಾನು ಪಾಠ ಹೇಳಲು ಶಾಲೆಗೆ ಒಯ್ಯುವ ರಬ್ಬರು. ಒಂದು ದಿನ ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿ ನೋಡುತ್ತೇನೆ, ಬುಟ್ಟಿಯಲ್ಲಿ ಒಂದೂ ನಿಂಬೆಹಣ್ಣಿಲ್ಲ.

"ಮಾವಾ, ಲಿಂಬಿಹಣ್ಣು ಎಲ್ಲ್ಯಾವ್ರಿ?"

"ರೇಡಿಯೋದಾಗ ಅದಾವ ನೋಡವ್ವ," ಎಂದರು ತಲೆಯೆತ್ತದೆ. "ನಾಕು ಹನಿ ಉಳಿದಿರಬೇಕು, ಬೇಕಾ?"

ಆ ದಿನ ನಮ್ಮ ಮನೆಯಲ್ಲಿ ಹುಳಿ ತಿಂದದ್ದು ರೇಡಿಯೋ ಒಂದೇ. ಹಲ್ಲಿನ ಬ್ರಷ್ಷಿನ ಕತೆ ಕೇಳಬೇಡಿ. ಈಗ ನನ್ನದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ.

ನನ್ನ ಯಜಮಾನರು ಕಾರ್ಖಾನೆಯ ಶಿಫ್ಟಿನಲ್ಲಿ ದುಡಿಯುವವರು. ಭಾನುವಾರವೆನ್ನುವುದು ಅವರಿಗೆ ಯಾವಾಗ ಬರುತ್ತದೆಂದು ಅವರಿಗೇ ಗೊತ್ತಿಲ್ಲ. ಹಾಗಾಗಿ ಮಾವನವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಿರುಗುವ ಭಾಗ್ಯ ನನ್ನದು. ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ, ಭಾನುವಾರ ಕಿಲುಬು. ಮನುಷ್ಯರಿಗೆ ಸುಸ್ತಾಗದೆ ಇನ್ನೇನಾದೀತು?

ಮೈದುನನಿಗೆ ಹೆಣ್ಣು ನೋಡಲು ಕಂಪ್ಲಿಗೆ ಹೋದದ್ದನ್ನು ಹೇಳಲೇಬೇಕು. ಹುಡುಗಿಯ ತಂದೆಯದು ಅಕ್ಕಿ ಗಿರಣಿ, ದೊಡ್ಡ ಮನೆತನ. ಉಪ್ಪಿಟ್ಟು, ಕೇಸರಿಬಾತು ಬಂತು. ಎಲ್ಲರೂ ಮಳೆ, ಬೆಳೆ ಮಾತಾಡುತ್ತಿದ್ದಾಗ, ಗೂಡಿನಲ್ಲಿದ್ದ ರೇಡಿಯೋದ ದನಿ ತಗ್ಗಿಸಲು ಹುಡುಗಿಯ ತಂದೆ ಗುಂಡಿ ತಿರುಗಿಸಿದರು. ಕರ್ರ್ ಕರ್ರ್! ನಾನು ಕಣ್ಣು ಮುಚ್ಚಿಕೊಂಡೆ. ತೆರೆಯುವಷ್ಟರಲ್ಲಿ ಮಾವನವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಾಗಿತ್ತು!

"ಮಾವಾ, ಇವತ್ತೊಂದಿನ ಬ್ಯಾಡ್ರಿ," ಎಂದು ಪಿಸುಗುಟ್ಟಿದೆ.

"ಎರಡು ನಿಮಿಷ ತಡಿಯವ್ವ. ಕೇಳಾಕ ಆಗವಲ್ದು."

ಟವಲು ಹಾಸಿ ರೇಡಿಯೋವನ್ನು ಬೋರಲು ಮಲಗಿಸಿದರು. ಹುಡುಗಿ ಚಹಾ ತಂದಳು. ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಬಿಚ್ಚಿದ ರೇಡಿಯೋದ ಹೊಟ್ಟೆಯ ಮೇಲೆ. ಅವಳೇ ತಟ್ಟೆ ಕೆಳಗಿಟ್ಟು, ಮೊಬೈಲಿನ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಳಿತಳು. ಮಾವನವರು ಚೀಲದಿಂದ ಧೂಳು ಬಿಡಿಸುವ ಸ್ಪ್ರೇ ತೆಗೆದು ಗುಂಡಿಯ ಬುಡದ ಸಂದಿಯೊಳಗೆ ಹೊಡೆದು, ಆ ತುದಿಯಿಂದ ಈ ತುದಿಗೆ ಐವತ್ತು ಸಲ ತಿರುಗಿಸಲು ಹೇಳಿದರು. ಅವಳು ಬಾಯಲ್ಲಿ ಎಣಿಸುತ್ತ ತಿರುಗಿಸಿದಳು. ಕೊನೆಗೆ ರೇಡಿಯೋ ಹಾಕಿದರೆ, ದನಿ ಎಣ್ಣೆ ಸುರಿದಂತೆ ಏರಿತು, ಇಳಿಯಿತು.

"ಹುಡುಗಿ ಪಾಸ್!" ಎಂದು ಮಾವನವರು ಅಲ್ಲೇ ಘೋಷಿಸಿಬಿಟ್ಟರು. ಪಾಪ, ನನ್ನ ಮೈದುನ ಇನ್ನೂ ಚಹಾ ಕೂಡ ಕುಡಿದಿರಲಿಲ್ಲ!

ನಾಲ್ಕು ದಿನಕ್ಕೆ ಅವರ ಕಡೆಯಿಂದ ಫೋನ್ ಬಂತು. "ಹುಡುಗಿಗೆ ಹುಡುಗ ಯಾಕೋ ಮನಸಿಗೆ ಬಂದಿಲ್ರಿ. ತಪ್ಪು ತಿಳೀಬ್ಯಾಡ್ರಿ. ಆದ್ರ ನಮ್ಮ ತಮ್ಮನ ಮನ್ಯಾಗೂ ಒಂದು ರೇಡಿಯೋ ಐತಿ, ಹಿರಿಯಾರು ಒಮ್ಮಿ ಬಂದು ಹೋಗಬೌದಾ?"

ಹೋದರು! ಸ್ಕೂಟರ್ ಓಡಿಸಿದ್ದು ಯಾರೆಂದು ಮತ್ತೆ ಹೇಳಬೇಕೆ? ಮೈದುನನಿಗೆ ಆಮೇಲೆ ಬೇರೆ ಕಡೆ ಮದುವೆಯಾಯಿತು. ಆ ಮನೆಯಲ್ಲಿ ರೇಡಿಯೋ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಹೆಣ್ಣು ನೋಡಲು ಹೋಗಿದ್ದೆವು.

ಇನ್ನೊಮ್ಮೆ ಸಂಡೂರಿನಲ್ಲಿ ಅವರ ಹಳೇ ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ ಮಾತಾಡಿಸಲು ಹೋಗಿದ್ದೆವು. ಮನೆ ತುಂಬ ಜನ, ಯಾರ ಬಾಯಲ್ಲೂ ಮಾತಿಲ್ಲ. ಮಾವನವರು ಮೂಲೆಯಲ್ಲಿ ತಲೆತಗ್ಗಿಸಿ ಕುಳಿತಿದ್ದರು. ದುಃಖದಲ್ಲಿದ್ದಾರೆಂದು ನಾನೂ ಸುಮ್ಮನಿದ್ದೆ. ಬಗ್ಗಿ ನೋಡಿದರೆ ತೊಡೆಯ ಮೇಲೆ ತೀರಿಕೊಂಡವರ ರೇಡಿಯೋ! ಒಳಗಿಂದ ಒಂದು ಹಿಡಿ ಅದಿರಿನ ಕೆಂಪು ಧೂಳು ತೆಗೆದು ಪೇಪರಿನ ಮೇಲೆ ಗುಡ್ಡೆ ಹಾಕಿದ್ದಾರೆ. ನಾನು "ಬ್ಯಾಡ್ರೀ" ಎನ್ನುವಷ್ಟರಲ್ಲಿ ಗುಂಡಿ ತಿರುಗಿತು. ಆ ನಿಶ್ಶಬ್ದದ ನಡುವೆ ಒಬ್ಬ ಗಂಡಸು ಗಂಟಲು ಹರಿಯುವಂತೆ ಕೋಳಿ ಸಾಕಣೆಯ ಲಾಭಗಳನ್ನು ವಿವರಿಸತೊಡಗಿದ! ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತೀರಿಕೊಂಡವರ ಅಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ಚಲೋ ಕೇಳ್ತೈತೇನು ಅದು? ಬದುಕಿದ್ದಾಗ ದಿನಾ ಕುಟ್ಟಿ ಕುಟ್ಟಿ ಹಚ್ಚತಿದ್ದ," ಎಂದರು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಮಾವನವರ ಜೊತೆ ಮಾತಾಡಲಿಲ್ಲ. ಅದು ಅವರ ಗಮನಕ್ಕೂ ಬರಲಿಲ್ಲ.

ಹೀಗೆ ನಾನು ಸುಸ್ತಾಗಿ, ರೇಡಿಯೋ ಎಂದರೆ ಬೆಚ್ಚುವ ಹಂತಕ್ಕೆ ಬಂದಿದ್ದಾಗಲೇ, ಕಳೆದ ವರ್ಷದ ಒಂದು ಮಧ್ಯಾಹ್ನ ಅತ್ತೆಯವರ ಟ್ರಂಕಿನಲ್ಲಿ ಸೂಜಿ ಹುಡುಕುತ್ತಿದ್ದೆ. ಅತ್ತೆಯವರಿಗೆ ಕಿವಿ ಮಂದ. ಬಳ್ಳಾರಿಯ ಡಾಕ್ಟರಿಗೆ ತೋರಿಸಿ ಕಿವಿಯ ಮಷೀನು ಹಾಕಿಸಿದ್ದೆವು. ಇತ್ತೀಚೆಗೆ ಅದಕ್ಕೂ ಜಗ್ಗದಷ್ಟು ಕಿವಿ ಹೋಯಿತೆಂದು ಎಲ್ಲರೂ ಗಟ್ಟಿಯಾಗಿ ಒದರಿ ಮಾತಾಡುತ್ತಿದ್ದೆವು. ಅವರು ಕಾಫಿ ಕುಡಿದರೋ ಇಲ್ಲವೋ ಎಂಬುದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಸೂಜಿ ಡಬ್ಬಿ ತೆರೆದರೆ, ಅಂಗಿಯ ಗುಂಡಿಗಳ ನಡುವೆ ಆ ಮಷೀನು!

ಅವರ ಮುಂದೆ ಹಿಡಿದು ಕೈಸನ್ನೆ ಮಾಡಿ ಕೇಳಿದೆ.

"ನಾಕು ತಿಂಗಳಾತು ತೆಗೆದಿಟ್ಟು," ಎಂದರು ಅತ್ತೆ. "ಕರಕರ ಅಂತೈತಿ. ಕಿವ್ಯಾಗ ಜೀರುಂಡಿ ಕುಂತಂಗ ಆಗ್ತೈತಿ."

ಮಾವನವರಿಗೆ ಯಾಕೆ ಹೇಳಲಿಲ್ಲವೆಂದು ಕಿವಿಗೇ ಬಾಯಿಟ್ಟು ಒದರಿ ಕೇಳಿದೆ.

"ಅವರಿಗೆ ಪುರುಸೊತ್ತು ಎಲ್ಲೈತಿ? ಮಂದಿ ರೇಡಿಯೋನ ಒಂದು ರಾಶಿ ಬಿದ್ದಾವ. ಇರ್ಲಿ ಬಿಡು, ನನಗೇನು ಕೇಳೂದೈತಿ ಈಗ?"

ಸೆರಗು ಯಾವಾಗಲೂ ತಲೆಯ ಮೇಲೆ ಇರುವುದರಿಂದ ಕಿವಿಯಲ್ಲಿ ಮಷೀನು ಇದೆಯೋ ಇಲ್ಲವೋ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆ ನಾಚಿಕೆಗೋ ಏನೋ, ಸಿಟ್ಟು ಬಂತು. ಜಗಲಿಗೆ ಹೋಗಿ, ಮಾವನವರು ಬಿಚ್ಚಿಕೊಂಡು ಕುಳಿತಿದ್ದ ರೇಡಿಯೋದ ಪಕ್ಕದಲ್ಲಿ ಮಷೀನು ಇಟ್ಟೆ.

"ಇದೂ ಕರಕರ ಅಂತೈತಂತ್ರಿ ಮಾವಾ. ನಾಕು ತಿಂಗಳಿಂದ."

"ಯಾರ ಮನೀದು?" ಎಂದರು. ಆಮೇಲೆ ಕೈಗೆತ್ತಿಕೊಂಡು ನೋಡಿದರು. ಮುಖದ ಮೇಲಿನ ರಕ್ತವೆಲ್ಲ ಇಳಿದುಹೋಯಿತು. ಮಂದಿಯ ರೇಡಿಯೋವನ್ನು ಮುಚ್ಚಿ ಬದಿಗೆ ಸರಿಸಿದರು. ಎದ್ದುಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು. ಒಳಗೆ ಬೆವರಿಗೆ ಸಣ್ಣಗೆ ಕಿಲುಬು ಹಿಡಿದಿತ್ತು. ರಬ್ಬರನ್ನು ಬ್ಲೇಡಿನಿಂದ ಜೀರಿಗೆಯಷ್ಟು ತೆಳ್ಳಗೆ ಸೀಳಿ, ಉಸಿರು ಬಿಗಿಹಿಡಿದು ಉಜ್ಜಿದರು. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರು. ಪುಟ್ಟ ದನಿಗುಂಡಿಯ ಸಂದಿಯನ್ನೂ ಒರೆಸಿದರು. ಹೊಸ ಸೆಲ್ಲು ಹಾಕಿ ತಮ್ಮ ಕಿವಿಗೇ ಹಿಡಿದು ಎಷ್ಟೋ ಹೊತ್ತು ಪರೀಕ್ಷಿಸಿದರು.

ನಾನು ಅತ್ತೆಯವರ ಕಿವಿಗೆ ಅದನ್ನು ಹಾಕಿದೆ. ಮಾವನವರು ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, ಅಭ್ಯಾಸಬಲದಿಂದ ಓಣಿಗೆಲ್ಲ ಕೇಳುವಂತೆ ಒದರಿದರು:

"ಕೇಳ್ತೈತೇನಲೇ?"

ಅತ್ತೆ ಬೆಚ್ಚಿಬಿದ್ದರು. "ಅಯ್ಯ, ಒದರಬ್ಯಾಡ್ರಿ! ಕೇಳ್ತೈತಿ."

ಮಾವನವರು ಮತ್ತೆ ಮಾತಾಡಿದಾಗ ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದ ನಾನು ಕೇಳಿಸಿಕೊಳ್ಳಲು ನಲ್ಲಿ ನಿಲ್ಲಿಸಬೇಕಾಯಿತು.

"ನಾಕು ತಿಂಗಳು ನಾ ಏನೇನ್ ಹೇಳಿದ್ನೆಲ್ಲ, ಒಂದೂ ಕೇಳಿಲ್ಲೇನು ನಿನಗ?"

"ಇಲ್ರಿ."

"ಮತ್ತ ತಲಿ ಆಡಿಸ್ತಿದ್ದೆಲ್ಲ?"

"ನಿಮಗ ಬ್ಯಾಸರ ಆಗಬಾರ್ದಂತ."

ಮಾವನವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಹಂಗಾರ ಮೊದ್ಲಿಂದ ಹೇಳ್ತೀನಿ," ಎಂದರು.