ಒಂಟಿಚಕ್ರದ ಸವಾರಿಗೆ ನಿಲುಗಡೆಯಿಲ್ಲ

ಚಿಜುರು: ಇನ್ನೊಂದ್ಸಲ ಹೇಳಿ. ಇಸಾಓ ಸಾನ್ ಎದುರಿಗೇ ಹೇಳಿ. ಅರ್ಧ ಏನು ಅಂದ್ರಿ?

ಕುನಿಹಿಕೊ: ಅರ್ಧ ಸೈಕಲ್ ಅಂದೆ. ತಪ್ಪೇನು? ಸೈಕಲ್‌ಗೆ ಎರಡು ಚಕ್ರ. ಒಂದು ಕಿತ್ತು ಬಿಸಾಕಿದ್ರೆ ಉಳಿಯೋದು ಅರ್ಧ.

ಚಿಜುರು: ನಿಮ್ಮ ತಲೆಗೆ ಎರಡು ಕಿವಿ ಇವೆ, ಒಂದೂ ಕೆಲಸ ಮಾಡಲ್ಲ. ಅದಕ್ಕೇನಂತಾರೆ?

ಈ ಗಂಡ ಹೆಂಡಿರ ಸೈಕಲ್ ಅಂಗಡಿಯ ಗೋಡೆಗೇ ನನ್ನ ತೋಫು ಅಂಗಡಿಯ ಗೋಡೆ. ಬೆಳಗಿನ ತೋಫು, ಅಂದರೆ ಸೋಯಾ ಹಾಲಿನ ಪನೀರು, ಕೊಟ್ಟು ಹೋಗೋಣ ಅಂತ ಡಬ್ಬಿ ಹಿಡಿದು ಬಂದವನು ನಾನು, ಇಸಾಓ. ಇಪ್ಪತ್ತೇಳು ವರ್ಷದ ನೆರೆಹೊರೆಯಲ್ಲಿ ಒಂದು ಪಾಠ ಕಲಿತಿದ್ದೇನೆ. ಇವರಿಬ್ಬರೂ ಜಗಳದಲ್ಲಿರುವಾಗ ಬಾಗಿಲಲ್ಲೇ ತಿರುಗಿ ಓಡಬೇಕು. ಅವತ್ತು ಮರೆತಿದ್ದೆ.

ಹಿಂದಿನ ದಿನ ಊರ ಶಾಲೆಯ ಮುಖ್ಯೋಪಾಧ್ಯಾಯಿನಿ ಮಿನೆಗಿಶಿ ಮೇಡಂ ಅಂಗಡಿಗೆ ಬಂದಿದ್ದರಂತೆ. ಶಾಲೆಗೆ ಹೊಸ ಒಂಟಿಚಕ್ರದ ಸೈಕಲ್‌ಗಳೋ, ಮಾಮೂಲಿ ಸೈಕಲ್‌ಗಳೋ ಅಂತ ಯೋಚನೆ. "ಎರಡರಲ್ಲಿ ಯಾವುದು ಬೇಗ ಬರುತ್ತೆ?" ಅಂತ ಕೇಳಿದರಂತೆ. ಕುನಿಹಿಕೊ ಅರ್ಧ ಗಂಟೆ ಭಾಷಣ ಕೊಟ್ಟ: ಒಂಟಿಚಕ್ರ ಸವಾರಿಯಲ್ಲ, ಸರ್ಕಸ್ಸು, ಅದರ ಪಕ್ಕದಲ್ಲಿ ನಡೆದು ಹೋಗುವ ಮುದುಕಿಯೂ ಮುಂದೆ ಹೋಗ್ತಾಳೆ. ಇಪ್ಪತ್ತೆರಡು ವರ್ಷದಿಂದ ಪ್ರತಿ ಶನಿವಾರ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಒಂಟಿಚಕ್ರ ಕಲಿಸುವುದು ಯಾರು? ಅವನ ಹೆಂಡತಿ ಚಿಜುರು. ಸುದ್ದಿ ಅವಳಿಗೆ ತರಕಾರಿ ಅಂಗಡಿಯಲ್ಲಿ ಸಿಕ್ಕಿತು, ಮೂಲಂಗಿಯ ಜೊತೆಗೆ.

ಕುನಿಹಿಕೊ: ನೋಡು, ಸಿಟ್ಟು ಬೇಡ. ಇದು ಯಂತ್ರದ ಮಾತು. ನಾನು ಪೆಡಲ್ ಒಂದು ಸುತ್ತು ತುಳಿದ್ರೆ ನನ್ನ ಚಕ್ರ ಮೂರು ಸುತ್ತು ಓಡತ್ತೆ. ನೀನು ಒಂದು ಸುತ್ತು ತುಳಿದ್ರೆ ನಿಂದು ಓಡೋದು ಒಂದೇ ಸುತ್ತು.

ಚಿಜುರು: ಮಾಡಿದ ಕೆಲಸಕ್ಕೆ ಸರಿಯಾಗಿ ಓಡತ್ತೆ. ಒಂದು ಮಾಡಿ ಮೂರು ಅಂತ ಹೇಳ್ಕೊಳ್ಳೋ ಅಭ್ಯಾಸ ಅದಕ್ಕಿಲ್ಲ.

ಕುನಿಹಿಕೊ: ಇಳಿಜಾರಲ್ಲಿ ನಾನು ಕಾಲು ಬಿಟ್ಟು ಆರಾಮಾಗಿ ಕೂತಿರ್ತೀನಿ. ನೀನು ಇಳಿಜಾರಲ್ಲೂ ತುಳೀಬೇಕು.

ಚಿಜುರು: ಅದು ನನಗೆ ಹೊಸದಾ? ಮದುವೆ ಆದಾಗಿಂದ ಇಳಿಜಾರಲ್ಲೂ ನಾನೇ ತುಳೀತಿದೀನಿ, ನೀವು ಆರಾಮಾಗೇ ಕೂತಿದೀರಿ.

ನಾನು: ತೋಫು ಇಲ್ಲಿಟ್ಟು ಹೋಗ್ತೀನಿ...

ಇಬ್ಬರೂ ಒಟ್ಟಿಗೆ: ನಿಂತ್ಕೊಳ್ಳಿ!

ಕುನಿಹಿಕೊ: ಇಸಾಓ, ನೀನೇ ಹೇಳು. ಹ್ಯಾಂಡಲ್ ಇಲ್ಲದ ಗಾಡಿ ಒಂದು ಗಾಡಿನಾ?

ನಾನು: ತೋಫುಗೂ ಹ್ಯಾಂಡಲ್ ಇಲ್ಲ. ನನ್ನನ್ನ ಯಾಕೆ ಕೇಳ್ತೀಯಾ?

ಚಿಜುರು: ಸರಿ, ಬಾಯಿಮಾತು ಸಾಕು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಓಡಿಸಿ ನೋಡೋಣ. ನೀವು ಸೈಕಲ್, ನಾನು ಒಂಟಿಚಕ್ರ.

ಕುನಿಹಿಕೊ: ಎಲ್ಲಿ? ಒಂಟಿಚಕ್ರ ದೊಡ್ಡ ರಸ್ತೆಗಿಳಿದ್ರೆ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರೆ.

ಚಿಜುರು: ಹೊಳೆ ಏರಿ ಮೇಲೆ. ಅಲ್ಲಿ ಕಾರಿಲ್ಲ, ಪೊಲೀಸ್ನೋರಿಲ್ಲ. ಸೇತುವೆಯಿಂದ ತೂಬಿನವರೆಗೆ ಮೂರು ಕಿಲೋಮೀಟರ್. ಇಸಾಓ ಸಾನ್ ತೀರ್ಪುಗಾರರು.

ನಾನು: ನನಗೆ ಭಾನುವಾರ ತುಂಬಾ...

ಚಿಜುರು: ನಾನು ಸೋತರೆ ಶನಿವಾರದ ಪಾಠ ಅವತ್ತಿಗೇ ನಿಲ್ಲಿಸ್ತೀನಿ. ನೀವು ಸೋತರೆ ನನ್ನ ಪಾಠಕ್ಕೆ ಬರಬೇಕು. ಎರಡನೇ ಕ್ಲಾಸಿನ ಮಕ್ಕಳ ಸಾಲಲ್ಲಿ, ಕೊನೇಲಿ ನಿಂತ್ಕೋಬೇಕು.

ಕುನಿಹಿಕೊ ನಕ್ಕ. ಆ ನಗು ನನಗೆ ಸರಿಬರಲಿಲ್ಲ. ಪಾಠ ನಿಲ್ಲಿಸ್ತೀನಿ ಅಂದಾಗ ಚಿಜುರುವಿನ ದನಿ ಕೊಂಚ ನಡುಗಿದ್ದನ್ನು ನಾನು ಕೇಳಿದ್ದೆ. ಅವನಿಗೆ ಕೇಳಿಸಿರಲಿಲ್ಲ.

ಭಾನುವಾರ ಕುನಿಹಿಕೊ ಬಂದ. ಕಾಗದದಷ್ಟು ತೆಳ್ಳಗಿನ ಟೈರಿನ ಓಟದ ಸೈಕಲ್, ಹಳದಿ ಅಂಗಿ, ಬಿಗಿಯಾದ ಕರೀ ಚಡ್ಡಿ. ಆ ಚಡ್ಡಿಯೊಳಗೆ ಅರವತ್ತರ ಹೊಟ್ಟೆ ಒಲ್ಲದ ಮನಸ್ಸಿನಿಂದ ಕೂತಿತ್ತು. ಚಿಜುರು ಒಂಟಿಚಕ್ರವನ್ನು ತಳ್ಳಿಕೊಂಡು ಬಂದಳು. ಶಾಲೆಯ ಮಕ್ಕಳ ಪುಟ್ಟ ಚಕ್ರವಲ್ಲ ಅದು, ಸೊಂಟದೆತ್ತರದ್ದು.

ಕುನಿಹಿಕೊ: ಇದೇನಿದು? ಬಾವಿ ಮುಚ್ಚಳಕ್ಕೆ ಸೀಟು ಕೂರಿಸಿದ್ಯಾ?

ಚಿಜುರು: ನನ್ನ ಹಳೇ ಶಿಷ್ಯೆದು. ಇದರ ಮೇಲೆ ಅವಳು ಊರೂರು ಸುತ್ತಿದಾಳೆ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ದಾರಿ ಜಾಸ್ತಿ ಸಾಗತ್ತೆ. ಯಂತ್ರದ ಮಾತು ಅಂದ್ರಲ್ಲ, ಇದೂ ಅದೇ.

ಕುನಿಹಿಕೊ: ಮೋಸ!

ಚಿಜುರು: ಆ ಚಡ್ಡಿ ಹಾಕ್ಕೊಂಡು ಬಂದಿರೋದು ನೀವು. ಮೋಸದ ಮಾತು ನನಗೆ ಹೇಳ್ತೀರಾ?

ಅಷ್ಟರಲ್ಲಿ ನಾಯಿಯನ್ನು ತಿರುಗಾಡಿಸುತ್ತ ಮಿನೆಗಿಶಿ ಮೇಡಂ ಅಲ್ಲಿಗೇ ಬಂದರು. ಸಂಗತಿ ಕೇಳಿ ಗಾಬರಿಯಾದರು.

ಮಿನೆಗಿಶಿ: ಅಯ್ಯೋ, ನಾನು ಓಟದ ವೇಗ ಕೇಳಲಿಲ್ಲ! ಆರ್ಡರ್ ಕೊಟ್ಟರೆ ಯಾವುದು ಬೇಗ ಬರುತ್ತೆ ಅಂದೆ. ಕ್ರೀಡಾಕೂಟಕ್ಕೆ ಮೂರೇ ವಾರ ಇದೆ. ಯಾವುದು ಮೊದಲು ಬರುತ್ತೋ ಅದನ್ನೇ ತರಿಸೋಣ ಅಂತ.



ನಾನು: ಹಾಗಾದ್ರೆ ಮುಗೀತಲ್ಲ! ಎಲ್ಲರೂ ಮನೆಗೆ ಹೋಗೋಣ, ಟೀ ಕುಡಿಯೋಣ.

ಚಿಜುರು: ಮೇಡಂ, ನಿಮ್ಮ ನಾಯೀನ ಸ್ವಲ್ಪ ಪಕ್ಕಕ್ಕೆ ಕರ್ಕೊಳ್ಳಿ. ಚಕ್ರಕ್ಕೆ ಸಿಕ್ಕಿಹಾಕ್ಕೊಂಡೀತು.

ಮಿನೆಗಿಶಿ: ಆದರೆ ನಾನು ಕೇಳಿದ್ದು ಅದಲ್ಲ...

ಕುನಿಹಿಕೊ: ನೀವು ಏನು ಕೇಳಿದ್ರಿ ಅನ್ನೋದು ಈಗ ಮುಖ್ಯ ಅಲ್ಲ ಮೇಡಂ. ನಾನು ಏನು ಹೇಳಿದೆ ಅನ್ನೋದು ಮುಖ್ಯ.

ಚಿಜುರು: ಅಪರೂಪಕ್ಕೆ ಸರಿಯಾಗಿ ಹೇಳಿದ್ರಿ.

ಚಿಜುರು ಸೇತುವೆಯ ಕಂಬಿ ಹಿಡಿದು ಮೇಲೇರಿದಳು. ಓಟ ಶುರು ಅಂತ ನಾನು ಎತ್ತಿದ ಕೈ ಇಳಿಸಿದೆ.

ಸುಳ್ಳು ಯಾಕೆ ಹೇಳಲಿ, ಬರೀ ವೇಗದ ಮಾತಾದರೆ ಅಲ್ಲಿಗೇ ಮುಗಿದಿತ್ತು. ಎರಡು ನಿಮಿಷದಲ್ಲಿ ಹಳದಿ ಅಂಗಿ ಚುಕ್ಕೆಯಾಯಿತು. ಚಿಜುರು ಎರಡೂ ಕೈ ಚಾಚಿ, ಗೂಡು ಕಟ್ಟಲು ಜಾಗ ಹುಡುಕುವ ಕೊಕ್ಕರೆಯ ಹಾಗೆ ಬರುತ್ತಿದ್ದಳು. ನಾನು ಬ್ಯಾಟರಿ ಸೈಕಲ್ಲಿನಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಸ್ವಲ್ಪ ದೂರದಲ್ಲಿ ನೋಡಿದರೆ ಕುನಿಹಿಕೊ ನಿಂತಿದ್ದ. ಎದುರಿಗೆ ನಮ್ಮೂರಿನ ಒಗಿನೊಮೆ ಅಜ್ಜಿ. ಅವರ ಸೈಕಲ್ ಬುಟ್ಟಿಯಿಂದ ಈರುಳ್ಳಿ ಸೊಪ್ಪು ಇಣುಕುತ್ತಿತ್ತು.

ಒಗಿನೊಮೆ: ಪುಣ್ಯಕ್ಕೆ ಸಿಕ್ಕಿದ್ರಿ ಕುನಿಹಿಕೊ ಸಾನ್! ಚೈನು ಕಳಚಿಕೊಂಡಿದೆ.

ಕುನಿಹಿಕೊ: ಅಜ್ಜಿ, ಸ್ಪರ್ಧೇಲಿದೀನಿ, ಆಮೇಲೆ...

ಒಗಿನೊಮೆ: ಅಂಗಡೀಲಿ ನಿಮ್ಮ ಅಪ್ಪ ಇದ್ದಿದ್ರೆ ಹೀಗೆ ಮಾಡ್ತಿರಲಿಲ್ಲ.

ಅವನು ಮೊಣಕಾಲೂರಿ ಕೂತ. ಚೈನು ಸರಿಹೋಯಿತು. ಆಮೇಲೆ ಬ್ರೇಕು ಕಿರುಗುಡುತ್ತೆ ಅಂದರು. ಆಮೇಲೆ ಬೆಲ್ಲು. ಅಷ್ಟು ಹೊತ್ತಿಗೆ ಹಿಂದಿನಿಂದ ದೊಡ್ಡ ಚಕ್ರ ಬಂತು.

ಚಿಜುರು: ನಮಸ್ಕಾರ ಅಜ್ಜಿ! ನಿಧಾನಕ್ಕೆ ಮಾಡಿಸ್ಕೊಳ್ಳಿ, ಅವರಿಗೇನೂ ಅವಸರ ಇಲ್ಲ!

ಒಗಿನೊಮೆ: ಚಿಜುರು ಸಾನ್, ಒಂದು ನಿಮಿಷ...

ಚಿಜುರು: ನಿಂತ್ರೆ ಬಿದ್ದುಹೋಗ್ತೀನಿ ಅಜ್ಜಿ!

ಹೇಳಿ ಮುಗಿಸುವಷ್ಟರಲ್ಲಿ ದಾಟಿ ಹೋಗಿದ್ದಳು. ಕುನಿಹಿಕೊ ಅವಳನ್ನು ಹಿಡಿದ, ಹಿಂದೆ ಹಾಕಿದ, "ನೋಡ್ದಾ?" ಅಂತ ಕೂಗಿದ. ಮುಂದಿನ ತಿರುವಿನಲ್ಲಿ ಕೋಲಿನಿಂದ ಚೆಂಡು ಹೊಡೆಯುವ ಗೇಟ್‌ಬಾಲ್ ಆಟದ ಮುದುಕರು ಇಬ್ಬರು ದಾರಿಗೆ ಅಡ್ಡ ನಿಂತಿದ್ದರು. ಅವರ ಸೈಕಲ್ ಪಂಕ್ಚರು. ಅದೂ ಅವನ ಅಂಗಡಿಯದೇ ಟೈರು. ಅವರ ಹಿಂದೆ ಇನ್ನೊಬ್ಬಳು ಹೆಂಗಸು, ಸೀಟು ಎತ್ತರ ಮಾಡಿಕೊಡಿ ಅಂತ. ಊರಿಗೆಲ್ಲ ಒಬ್ಬನೇ ಸೈಕಲ್ ರಿಪೇರಿಯವನು. ಅವನು ಎದುರಿಗೇ ಸಿಕ್ಕರೆ ಯಾರು ಬಿಡುತ್ತಾರೆ?

ಕುನಿಹಿಕೊ: ಇಸಾಓ! ರಿಪೇರಿಗೆ ಹೋದ ಹೊತ್ತು ಲೆಕ್ಕಕ್ಕೆ ಹಿಡೀಬಾರದು!

ನಾನು: ದಾರಿ ಅಂದ್ಮೇಲೆ ದಾರೀಲಿರೋ ಜನಾನೂ ಸೇರ್ತಾರೆ ಕಣಯ್ಯ.

ನಾನು ತೂಬಿಗೆ ಹೋಗಿ ಕಾದು ನಿಂತೆ. ಮೊದಲು ಚಿಜುರುವೇ ಬಂದಳು. ತೂಬಿನ ಮುಂದಿನ ಕಾಂಕ್ರೀಟು ಅಂಗಳ ಮುಟ್ಟಿದಳು. ನಾನು ಚಪ್ಪಾಳೆ ತಟ್ಟಿದೆ. ಆದರೆ ಅವಳು ಇಳಿಯಲಿಲ್ಲ, ಅಂಗಳವನ್ನೇ ಸುತ್ತತೊಡಗಿದಳು.

ನಾನು: ಗೆದ್ದೆಯಮ್ಮ, ಇಳಿ!

ಚಿಜುರು: ಹೇಗೆ ಇಳೀಲಿ? ಇಷ್ಟು ಎತ್ತರದ್ದರ ಮೇಲೆ ಇವತ್ತೇ ಮೊದಲು. ಇಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಾನೂ ಇಲ್ಲ. ಬಂದು ಹಿಡ್ಕೊಳ್ಳಿ!

ನಾನು ಮುಂದೆ ಹೆಜ್ಜೆಯಿಡುವಷ್ಟರಲ್ಲಿ ಕುನಿಹಿಕೊ ಬಂದುಬಿಟ್ಟ. ಕೈತುಂಬ ಗ್ರೀಸು, ಹಳದಿ ಅಂಗಿಯ ಮೇಲೂ ಗ್ರೀಸು. ಸೈಕಲ್ಲಿನಿಂದ ಇಳಿದು ಎರಡೂ ಕಾಲು ನೆಲಕ್ಕೂರಿ ಟಪ್ ಅಂತ ತುಳಿದ.

ಕುನಿಹಿಕೊ: ಬರ್ಕೋ ಇಸಾಓ! ತಲುಪೋದು ಅಂದ್ರೆ ಕಾಲು ನೆಲಕ್ಕೂರೋದು. ನಾನು ತಲುಪಿದೆ. ಇವಳು ಇನ್ನೂ ಪ್ರಯಾಣದಲ್ಲೇ ಇದಾಳೆ.

ಚಿಜುರು: ಸರಿ. ಹಾಗಾದ್ರೆ ನಾನು ಇಳಿಯೋದೇ ಇಲ್ಲ. ಸಂಜೆವರೆಗೂ ಸುತ್ತುತೀನಿ. ಅಡುಗೆ ನೀವೇ ಮಾಡ್ಕೊಳ್ಳಿ.

ಕುನಿಹಿಕೊ: ಸುತ್ತು, ಸುತ್ತು. ಒಂದು ಸುತ್ತಿಗೆ ಒಂದೇ ಸುತ್ತು!

ಐದನೇ ಸುತ್ತಿನಲ್ಲಿ ಅವಳು ಎಡ ಮೊಣಕಾಲು ಮಡಿಸುವಾಗ ಹಲ್ಲು ಕಚ್ಚಿದಳು. ನಾನು ಅದನ್ನು ನೋಡಿದೆ. ಈ ಸಲ ಅವನೂ ನೋಡಿದ. ಓಡಿ ಹೋಗಿ ಭುಜ ಕೊಟ್ಟ. ಅವಳು ಭುಜ ಹಿಡಿದಳು, ಚಕ್ರ ಒಂದು ಕಡೆ ಹೋಯಿತು, ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಅವಳ ಬಿಳೀ ಅಂಗಿಯ ಮೇಲೆ ಅವನ ಹತ್ತೂ ಬೆರಳು ಕರ್ರಗೆ ಅಚ್ಚೊತ್ತಿದ್ದವು.

ಕುನಿಹಿಕೊ: ಮೊಣಕಾಲು ನೋವು ಅಂತ ಹೇಳೋಕೇನಾಗಿತ್ತು?

ಚಿಜುರು: ಹೇಳಿದ್ರೆ ಗೆದ್ದೆ ಅಂತ ಕುಣೀತಿದ್ರಿ.

ಕುನಿಹಿಕೊ ಕೈಯ ಗ್ರೀಸನ್ನು ಹುಲ್ಲಿಗೆ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ ಹೆಂಡತಿಯನ್ನು ಕೇಳಿದ.

ಕುನಿಹಿಕೊ: ಶನಿವಾರ ಎಷ್ಟು ಗಂಟೆಗೆ ಪಾಠ?

ಶನಿವಾರ ನಾನು ಅಂಗಡಿ ಮುಚ್ಚಿ ನೋಡಲು ಹೋದೆ. ಮಿನೆಗಿಶಿ ಮೇಡಂ ಕೂಡ ಕಿಟಕಿಯಲ್ಲಿದ್ದರು. ಎರಡನೇ ಕ್ಲಾಸಿನ ಮಕ್ಕಳ ಸಾಲಿನ ಕೊನೆಯಲ್ಲಿ ಕುನಿಹಿಕೊ, ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಪಟ್ಟಿ. ಮುಂದಿದ್ದ ಪುಟ್ಟ ಹುಡುಗಿಯೊಬ್ಬಳು ತಿರುಗಿ ನೋಡಿ, "ತಾತ, ಮುಂದೆ ಕೈಯಾಡಿಸ್ಬೇಡಿ, ಅಲ್ಲಿ ಹ್ಯಾಂಡಲ್ ಇಲ್ಲ" ಅಂದಳು. ಅವನು ಆಸರೆಗೆ ಹಿಡಿದಿದ್ದ ಅಂಗಳದ ಕಂಬಿ ಬಿಟ್ಟ. ಎರಡೂವರೆ ಸುತ್ತು ತುಳಿದ. ನಾನು ಎಣಿಸಿದ್ದೇನೆ. ಆಮೇಲೆ ದೊಪ್ಪನೆ ಕೂತ. ಕೂತಲ್ಲೇ, ಮುಖ ತುಂಬಾ ನಗು ಹೊತ್ತು ಹೆಂಡತಿಯ ಕಡೆ ತಿರುಗಿದ.

ಕುನಿಹಿಕೊ: ಹೇಗಿತ್ತು ನನ್ನ ವೇಗ?

ಚಿಜುರು: ಮುಂದಕ್ಕೆ ಹೋಗಿದ್ದರಲ್ಲಿ ಹೇಳೋವಂಥದ್ದೇನೂ ಇಲ್ಲ. ಕೆಳಕ್ಕೆ ಬಂದಿದ್ದರಲ್ಲಿ ಮಾತ್ರ ನಿಮ್ಮನ್ನ ಮೀರಿಸೋರು ಈ ಊರಲ್ಲೇ ಇಲ್ಲ.